ಐಲೆಕ್ಸ್ ಕಾಡಿನ ಗುಡಿಯ ಮುಂದೆ ಏನೂ ನಡೆಯುವುದಿಲ್ಲ, ಏಕೆ?

ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಯಂತ್ರವಾದ ಗೇಮ್ ಬಾಯ್‌ನ ಹಳೆಯ ಆಟಗಳ ಬಗ್ಗೆ ಬರೆಯಲು ತೊಡಗಿದಾಗಿನಿಂದ ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಪೋಕೆಮಾನ್ ಎಂಬ ಕಾಲ್ಪನಿಕ ಜೀವಿಗಳನ್ನು ಹಿಡಿದು ಕಾದಾಡಿಸುವ 'ಪೋಕೆಮಾನ್ ಕ್ರಿಸ್ಟಲ್' ಆಟದ ಐಲೆಕ್ಸ್ ಕಾಡಿನೊಳಗೆ ಒಂದು ಪುಟ್ಟ ಗುಡಿಯಿದೆ. ಅದರ ಎದುರು ನಿಂತು ಗುಂಡಿ ಒತ್ತಿದರೆ, ಇದು ಕಾಡನ್ನು ಕಾಯುವವನ ಗುಡಿ ಎಂಬರ್ಥದ ಮಾತು ತೆರೆಯ ಮೇಲೆ ಮೂಡಿ ಮಾಯವಾಗುತ್ತದೆ, ಅಷ್ಟೇ. ಇಷ್ಟು ಮುತುವರ್ಜಿಯಿಂದ ಚಿತ್ರಿಸಿದ ಗುಡಿಯಲ್ಲಿ ಏನೂ ನಡೆಯದಿರುವುದೇಕೆ, ನಾವೇನಾದರೂ ತಪ್ಪಿಸಿಕೊಂಡೆವೇ ಎಂದು ಕೇಳುವವರಲ್ಲಿ ಹೆಚ್ಚಿನವರು ನನ್ನಂತೆಯೇ ಕಂಪ್ಯೂಟರಿನಲ್ಲಿ ಎಮ್ಯುಲೇಟರ್ (ಗೇಮ್ ಬಾಯ್ ಅನ್ನು ಅನುಕರಿಸುವ ತಂತ್ರಾಂಶ) ಹಾಕಿಕೊಂಡು ಇಂಗ್ಲಿಷ್ ಆವೃತ್ತಿಯನ್ನು ಆಡಿದವರು. ಆಟದೊಳಗಿನ ಹಗಲಿನಲ್ಲೂ ರಾತ್ರಿಯಲ್ಲೂ ನಾನು ಆ ಗುಡಿಗೆ ಹೋಗಿ ಬಂದಿದ್ದೇನೆ. ಚೀಲದಲ್ಲಿದ್ದ ಒಂದೊಂದು ವಸ್ತುವನ್ನೂ ಅದರ ಮುಂದೆ ಬಳಸಿ ನೋಡಿದ್ದೇನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಗುಡಿಗೆ ಬೇಕಾದ ವಸ್ತು ಆಟದ ನಕ್ಷೆಯಲ್ಲಿ ಎಲ್ಲಿಯೂ ಇರಲಿಲ್ಲ. ಅದು ಜಪಾನಿನ ಮೊಬೈಲ್ ಫೋನ್ ಜಾಲದ ಮೂಲಕ, ಒಂದು ಸರ್ವರಿನಿಂದ, ಗೇಮ್ ಬಾಯ್‌ನೊಳಗೆ ಇಳಿದು ಬರಬೇಕಾಗಿತ್ತು. ಜಿಎಸ್ ಬಾಲ್ ಎಂಬ ಆ ಚೆಂಡನ್ನು ಪಡೆದವನು ಅದನ್ನು ಅಜೇಲಿಯಾ ಊರಿನ ಕರ್ಟ್ ಅಜ್ಜನಿಗೆ ಕೊಟ್ಟು, ಒಂದು ದಿನ ಕಾದು, ಮರಳಿ ಪಡೆದು ಗುಡಿಯಲ್ಲಿಟ್ಟರೆ ಸೆಲೆಬಿ ಎಂಬ ಅಪರೂಪದ ಪೋಕೆಮಾನ್ ಎದುರಾಗುತ್ತಿತ್ತು. ಜಪಾನಿನ ಹೊರಗೆ ಆ ಸಂಪರ್ಕ ವ್ಯವಸ್ಥೆ ಬರಲೇ ಇಲ್ಲವಾದ್ದರಿಂದ ನಮ್ಮ ಪಾಲಿಗೆ ಉಳಿದದ್ದು ಖಾಲಿ ಗುಡಿ ಮಾತ್ರ.

ಇಷ್ಟು ಹೇಳಿದ ಮೇಲೆ ಎರಡನೆಯ ಪ್ರಶ್ನೆ ಬಂದೇ ಬರುತ್ತದೆ: 2001ರಲ್ಲಿ ಗೇಮ್ ಬಾಯ್‌ಗೆ ಇಂಟರ್ನೆಟ್ ಇತ್ತೇ? ಇತ್ತು. ನಿಂಟೆಂಡೊ ಮತ್ತು ಕೊನಾಮಿ ಸೇರಿ 1999ರಲ್ಲಿ ಮೊಬೈಲ್21 ಎಂಬ ಕಂಪನಿಯನ್ನು ಸ್ಥಾಪಿಸಿದ್ದವು. 2000ದ ಡಿಸೆಂಬರ್ 14ರಂದು 'ಕ್ರಿಸ್ಟಲ್' ಜಪಾನಿನ ಮಾರುಕಟ್ಟೆಗೆ ಬಂದಿತು. ಅದಾಗಿ 44 ದಿನಗಳಿಗೆ, 2001ರ ಜನವರಿ 27ರಂದು, ಮೊಬೈಲ್ ಅಡಾಪ್ಟರ್ ಜಿಬಿ ಎಂಬ ಸಾಧನ ಬಂದಿತು. ಎರಡು ಗೇಮ್ ಬಾಯ್‌ಗಳನ್ನು ಜೋಡಿಸಲು ಬಳಸುವ ಲಿಂಕ್ ಪೋರ್ಟಿಗೆ ಅದರ ಒಂದು ತುದಿ, ಮೊಬೈಲ್ ಫೋನಿಗೆ ಇನ್ನೊಂದು ತುದಿ. ಜಪಾನಿನಲ್ಲಿ ಆಗ ಬೇರೆ ಬೇರೆ ಫೋನ್ ಪದ್ಧತಿಗಳು ಇದ್ದುದರಿಂದ ಅಡಾಪ್ಟರಿಗೂ ಬಣ್ಣಗಳಿದ್ದವು: ಪಿಡಿಸಿ ಫೋನುಗಳಿಗೆ ನೀಲಿ, ಸಿಡಿಎಂಎ ಒನ್ ಫೋನುಗಳಿಗೆ ಹಳದಿ, ಡಿಡಿಐ ಪಾಕೆಟ್‌ನ ಪಿಎಚ್‌ಎಸ್ ಫೋನುಗಳಿಗೆ ಕೆಂಪು. ಹಸಿರು ಬಣ್ಣದ್ದೊಂದು ಯೋಜನೆಯಲ್ಲಿದ್ದರೂ ಮಾರಾಟಕ್ಕೆ ಬರಲಿಲ್ಲ. ಜೊತೆಗೆ ಬರುತ್ತಿದ್ದ 'ಮೊಬೈಲ್ ಟ್ರೇನರ್' ಎಂಬ, ಗೇಮ್ ಬಾಯ್‌ಗೆ ಸಿಕ್ಕಿಸುವ ಕಾರ್ಟ್ರಿಡ್ಜ್‌ನಿಂದ ಖಾತೆಯನ್ನು ಸಿದ್ಧಪಡಿಸಿಕೊಳ್ಳಬೇಕಿತ್ತು, ಅದರಲ್ಲಿಯೇ ಇಮೇಲ್ ಬರೆಯಲೂ ಬಹುದಿತ್ತು. ಇಂಟರ್ನೆಟ್ ಸೇವೆಯನ್ನು ಕೊಡುತ್ತಿದ್ದುದು ಕೆಡಿಡಿಐ ಕಂಪನಿಯ ಡಿಯಾನ್.

ಈ ದಾರಿಯಲ್ಲಿ ಮೊದಲು ನಡೆದವರು ನಿಂಟೆಂಡೊದವರಲ್ಲ ಎಂಬುದನ್ನೂ ಹೇಳಬೇಕು. ಗೇಮ್ ಬಾಯ್‌ನ ಜನಕರಲ್ಲೊಬ್ಬರಾದ ಗುನ್‌ಪೇ ಯೊಕೊಯಿ ನಿಂಟೆಂಡೊ ಬಿಟ್ಟ ಮೇಲೆ ಕೈಹಾಕಿದ ಇನ್ನೊಂದು ಕೈಯಾಟದ ಯಂತ್ರ ವಂಡರ್‌ಸ್ವಾನ್, ಅವರು ತೀರಿಕೊಂಡ ಮೇಲೆ 1999ರಲ್ಲಿ ಬಂಡಾಯಿ ಕಂಪನಿಯಿಂದ ಹೊರಬಂದಿತ್ತು. ಅದನ್ನು ಎನ್‌ಟಿಟಿ ಡೊಕೊಮೊ ಎಂಬ ಜಪಾನಿನ ಫೋನ್ ಕಂಪನಿಯ ಫೋನುಗಳಿಗೆ ಜೋಡಿಸುವ ಮೊಬೈಲ್ ವಂಡರ್‌ಗೇಟ್ 2000ದ ಜುಲೈನಲ್ಲಿಯೇ ಬಂದಿತ್ತು.

ನನಗೆ ಈ ಅಡಾಪ್ಟರಿನ ಬಗ್ಗೆ ಗೌರವ ಮೂಡಿದ್ದು ಅದರ ಕೆಲಸವನ್ನು ಹತ್ತಿರದಿಂದ ನೋಡಿದ ಮೇಲೆ. ಗೇಮ್ ಬಾಯ್ ಅದನ್ನು ಎಚ್ಚರಿಸುವಾಗ ಕಳುಹಿಸುವ ಮೊದಲ ಸಂದೇಶದ ತಿರುಳು ನಿಂಟೆಂಡೊ ಎಂಬ ಹೆಸರಿನ ಎಂಟು ಇಂಗ್ಲಿಷ್ ಅಕ್ಷರಗಳು. ಅಡಾಪ್ಟರ್ ಅವೇ ಎಂಟು ಅಕ್ಷರಗಳನ್ನು ಮರಳಿಸಿದರೆ ಇಬ್ಬರಿಗೂ ಪರಿಚಯವಾಯಿತೆಂದು ಅರ್ಥ. ಆಮೇಲೆ ನಂಬರ್ ಒತ್ತುವುದು, ಇಂಟರ್ನೆಟ್ ಸೇವೆಗೆ ಲಾಗಿನ್ ಆಗುವುದು, ಸರ್ವರಿನೊಡನೆ ಸಂಪರ್ಕ ಹಿಡಿದುಕೊಳ್ಳುವುದು ಇವೆಲ್ಲ ಅಡಾಪ್ಟರಿನ ಪಾಲು. ವೆಬ್ ಪುಟ ಮತ್ತು ಇಮೇಲ್‌ಗಳ ಭಾಷೆಯನ್ನು ಮಾತನಾಡುವುದು ಆಟದ ಪಾಲು. ಬಳಕೆದಾರನ ವಿವರಗಳನ್ನು ಬರೆದಿಟ್ಟುಕೊಳ್ಳಲು ಅಡಾಪ್ಟರಿನಲ್ಲಿದ್ದ ಜಾಗ ಬರೀ 192 ಬೈಟ್. ಎಂಟು ಬಿಟ್‌ಗಳ ಪ್ರೊಸೆಸರ್ ಇರುವ ಒಂದು ಆಟಿಕೆ ಹೀಗೆ ಕೆಲಸ ಹಂಚಿಕೊಂಡು ಇಂಟರ್ನೆಟ್ಟಿಗೆ ಹೋಗಿ ಬರುತ್ತಿತ್ತು.

ಜಪಾನೀ 'ಕ್ರಿಸ್ಟಲ್'ನ ಗೋಲ್ಡನ್‌ರಾಡ್ ನಗರದಲ್ಲಿ, ನಾವು ಸಾಧಾರಣ ಪೋಕೆಮಾನ್ ಸೆಂಟರನ್ನು ಕಾಣುವ ಜಾಗದಲ್ಲಿ, ದೊಡ್ಡದೊಂದು ಸಂವಹನ ಕೇಂದ್ರವಿತ್ತು. ಅದರೊಳಗಿನ ವಿನಿಮಯ ಮೂಲೆ ನನಗೆ ಇಡೀ ವ್ಯವಸ್ಥೆಯ ಅತ್ಯುತ್ತಮ ಭಾಗವೆಂದು ತೋರುತ್ತದೆ. ಆಟಗಾರ ತನ್ನದೊಂದು ಪೋಕೆಮಾನ್ ಅನ್ನು ಅಲ್ಲಿ ಬಿಟ್ಟು, ತನಗೆ ಯಾವ ಜಾತಿಯದು ಬೇಕು, ಗಂಡೋ ಹೆಣ್ಣೋ ಎಂದು ತಿಳಿಸಿ ಫೋನ್ ಕಡಿಯುತ್ತಿದ್ದ. ಜಪಾನಿನ ಇನ್ನಾವುದೋ ಮೂಲೆಯಲ್ಲಿ ಅದಕ್ಕೆ ತದ್ವಿರುದ್ಧವಾದ ಬೇಡಿಕೆಯುಳ್ಳ ಆಟಗಾರ ಸಿಕ್ಕರೆ ಸರ್ವರ್ ಇಬ್ಬರನ್ನೂ ಹೊಂದಿಸುತ್ತಿತ್ತು. ಮುಂದಿನ ಬಾರಿ ಕರೆ ಮಾಡಿದಾಗ ಹೊಸ ಅತಿಥಿ ಬಂದಿರುತ್ತಿತ್ತು. ಆಟದ ಕೋಡಿನೊಳಗೆ ಇದಕ್ಕಾಗಿಯೇ ಒಂದು ಇಮೇಲ್ ನಮೂನೆ ಅಡಗಿದೆ: ವಿಷಯದ ಸಾಲಿನಲ್ಲಿ 'ಟ್ರೇಡ್', ಅದರಡಿಯಲ್ಲಿ ಆಟದ ಗುರುತಾದ ಸಿಜಿಬಿ-ಬಿಎಕ್ಸ್‌ಟಿಜೆ-00. ಮನುಷ್ಯರು ಪತ್ರ ಬರೆಯುವ ಅಂಚೆಯಲ್ಲಿಯೇ ಪೋಕೆಮಾನ್‌ಗಳ ವ್ಯವಹಾರವೂ ಸಾಗುತ್ತಿತ್ತು.

ಆಟದೊಳಗಿನ ಕಾಳಗದ ಕಟ್ಟಡವಾದ ಬ್ಯಾಟಲ್ ಟವರಿನಲ್ಲಿಯೂ ಇದೇ ಕ್ರಮ. ಬೇರೆ ಆಟಗಾರರು ಬಿಟ್ಟುಹೋದ ತಂಡಗಳನ್ನು ಒಮ್ಮೆಗೇ ಇಳಿಸಿಕೊಂಡು, ಫೋನ್ ಬದಿಗಿಟ್ಟು, ಏಳು ಕಾಳಗಗಳನ್ನು ನಿಧಾನವಾಗಿ ಆಡಬಹುದಿತ್ತು. 2001ರ ಜುಲೈನಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ಬಂದ 'ಮಾರಿಯೊ ಕಾರ್ಟ್ ಅಡ್ವಾನ್ಸ್' ಕೂಡ ಬೇರೆಯವರ ಓಟದ ನೆರಳನ್ನು ಇಳಿಸಿಕೊಂಡು ಅದರೊಡನೆ ಪಂದ್ಯ ಕಟ್ಟಲು ಅವಕಾಶ ಕೊಟ್ಟಿತ್ತು. ನೇರವಾಗಿ ಗೆಳೆಯನಿಗೆ ಫೋನ್ ಮಾಡಿ ಕಾದಾಡುವ ಸೌಲಭ್ಯ 'ಕ್ರಿಸ್ಟಲ್'ನಲ್ಲಿತ್ತಾದರೂ ಅದಕ್ಕೆ ದಿನಕ್ಕೆ ಹತ್ತು ನಿಮಿಷಗಳ ಮಿತಿಯನ್ನು ಆಟವೇ ಹಾಕಿತ್ತು.

ಹತ್ತೇ ನಿಮಿಷ ಏಕೆ ಎಂಬುದರಲ್ಲಿಯೇ ಈ ವ್ಯವಸ್ಥೆ ಏಕೆ ನಿಂತುಹೋಯಿತು ಎಂಬುದಕ್ಕೂ ನನ್ನ ಉತ್ತರವಿದೆ. ಅದು ಕಾಲಕ್ಕಿಂತ ಮುಂದಿತ್ತು, ಆಗಿನ ತಂತ್ರಜ್ಞಾನ ಸಾಲಲಿಲ್ಲ ಎಂದು ಹಲವರು ಬರೆಯುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಪಿಡಿಸಿ ಫೋನಿನಲ್ಲಿ ಅಡಾಪ್ಟರಿನ ವೇಗ ಸೆಕೆಂಡಿಗೆ 9,600 ಬಿಟ್, ಅಂದರೆ ಹೆಚ್ಚೆಂದರೆ 1,200 ಬೈಟ್. ನಮಗೆ ಈಗ ಇದು ಆಮೆಯ ನಡಿಗೆಯೆನಿಸಬಹುದು, ಆದರೆ ಆ ಆಟದಲ್ಲಿ ಒಂದು ಪೋಕೆಮಾನ್‌ನ ಪೂರ್ತಿ ವಿವರ, ಹೆಸರುಗಳನ್ನು ಬಿಟ್ಟರೆ, 48 ಬೈಟ್‌ಗಳಲ್ಲಿ ಅಡಕವಾಗುತ್ತದೆ. ಅದರ ಬಲ, ಚಲನೆಗಳು, ಅನುಭವ, ಕೈಯಲ್ಲಿ ಹಿಡಿದಿರುವ ಹಣ್ಣು, ಎಲ್ಲವೂ ಅಷ್ಟರೊಳಗೆ. ಸಾಗಿಸಬೇಕಾದ ಸರಕಿಗೆ ದಾರಿ ಧಾರಾಳವಾಗಿಯೇ ಇತ್ತು.

ತೊಡಕಿದ್ದದ್ದು ಹಣ ಎಣಿಸುವ ರೀತಿಯಲ್ಲಿ. ಡೊಕೊಮೊ 1999ರ ಫೆಬ್ರುವರಿಯಲ್ಲಿ ಆರಂಭಿಸಿದ ಐ-ಮೋಡ್ ಎಂಬ ಫೋನ್ ಇಂಟರ್ನೆಟ್ ಸೇವೆಯಲ್ಲಿ 128 ಬೈಟ್‌ಗಳ ಒಂದು ಪ್ಯಾಕೆಟ್ಟಿಗೆ 0.3 ಯೆನ್ ದರವಿತ್ತು. ಎಷ್ಟು ಹೊತ್ತು ಸಂಪರ್ಕದಲ್ಲಿದ್ದೀರಿ ಎಂಬುದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಆ ದರದಲ್ಲಿ ಒಂದು ಪೋಕೆಮಾನ್ ಒಂದೇ ಪ್ಯಾಕೆಟ್ಟಿನಲ್ಲಿ ಕುಳಿತು ಹೋಗಬಹುದಿತ್ತು. ಅಡಾಪ್ಟರ್ ಮಾತ್ರ ಮಾಮೂಲಿ ಕರೆಯಂತೆ ಲೈನನ್ನು ಹಿಡಿದುಕೊಳ್ಳುತ್ತಿತ್ತು, ಖರ್ಚು ನಿಮಿಷದ ಲೆಕ್ಕದಲ್ಲಿ ಏರುತ್ತಿತ್ತು. 48 ಬೈಟ್ ಕಳುಹಿಸಲು ಕರೆ ಹಚ್ಚಿ, ಲಾಗಿನ್ ಆಗಿ, ಕಾದು ಕುಳಿತ ಹೊತ್ತಿಗೆಲ್ಲ ಹಣ ತೆರಬೇಕಿತ್ತು. ಆಟ ಕಟ್ಟಿದವರಿಗೆ ಇದು ಚೆನ್ನಾಗಿ ತಿಳಿದಿತ್ತೆಂದು ನನ್ನ ನಂಬಿಕೆ: ಬಿಟ್ಟು ಬರುವ ವಿನಿಮಯ, ಇಳಿಸಿಕೊಂಡು ಆಡುವ ಕಾಳಗ, ಹತ್ತು ನಿಮಿಷದ ಮಿತಿ, ಮೂರೂ ಫೋನ್ ಬಿಲ್ಲನ್ನು ಕಣ್ಣೆದುರಿಟ್ಟುಕೊಂಡು ಮಾಡಿದ ಜಾಣ ಏರ್ಪಾಡುಗಳು. ಆದರೂ ಆಟವಾಡುತ್ತಿದ್ದವರು ಬಹುಪಾಲು ಮಕ್ಕಳು. ಅವರು ಪ್ರತಿ ಸಲವೂ ಅಪ್ಪನದೋ ಅಮ್ಮನದೋ ಫೋನ್ ಕೇಳಬೇಕಿತ್ತು, ಆ ಫೋನಿಗೆ ಹೊಂದುವ ಬಣ್ಣದ ಅಡಾಪ್ಟರನ್ನೇ ಕೊಂಡಿರಬೇಕಿತ್ತು.

ಇನ್ನೊಂದು ಕಾರಣವನ್ನು ಕ್ಯಾಲೆಂಡರ್ ತೋರಿಸುತ್ತದೆ. ಅಡಾಪ್ಟರ್ ಅಂಗಡಿಗೆ ಬರುವ ಹಿಂದಿನ ದಿನ, 2001ರ ಜನವರಿ 26ರಂದು, ಡೊಕೊಮೊ ತನ್ನ 503ಐ ಫೋನುಗಳೊಡನೆ ಐ-ಆಪ್ಲಿ ಸೇವೆಯನ್ನು ಆರಂಭಿಸಿತು. ಜಾವಾದಲ್ಲಿ ಬರೆದ ಸಣ್ಣ ಆಟಗಳು ಅಂದಿನಿಂದ ಫೋನಿನೊಳಗೇ ಇಳಿಯತೊಡಗಿದವು. ಆಟವನ್ನು ಫೋನಿಗೆ ಜೋಡಿಸುವ ಕೇಬಲ್ ಬರುವ ಒಂದು ದಿನ ಮೊದಲೇ ಫೋನಿಗೆ ತನ್ನದೇ ಆಟಗಳು ಬಂದಿದ್ದವು. ಗೇಮ್ ಬಾಯ್‌ನ ಸೇವೆ 2002ರ ಡಿಸೆಂಬರ್ 14ರಂದು, 'ಕ್ರಿಸ್ಟಲ್' ಬಿಡುಗಡೆಯಾಗಿ ಸರಿಯಾಗಿ ಎರಡು ವರ್ಷಕ್ಕೆ, ಕೊನೆಗೊಂಡಿತು. ವಿನಿಮಯ ಮೂಲೆಯ ಕಲ್ಪನೆ ಮಾತ್ರ ಸಾಯಲಿಲ್ಲ: ನಿಂಟೆಂಡೊ ಡಿಎಸ್‌ಗೆ 2006ರಲ್ಲಿ ಬಂದ 'ಡೈಮಂಡ್' ಮತ್ತು 'ಪರ್ಲ್' ಆಟಗಳಲ್ಲಿ, ಮನೆಯ ವೈ-ಫೈ ಮೂಲಕ ನಿಮಿಷದ ಲೆಕ್ಕವಿಲ್ಲದೆ, ಜಗತ್ತಿಗೆಲ್ಲ ತೆರೆದ ಜಿಟಿಎಸ್ ಎಂಬ ವಿನಿಮಯ ಕೇಂದ್ರವಾಗಿ ಅದು ಮರಳಿತು.

ಮತ್ತೆ ಗುಡಿಗೆ ಬರುತ್ತೇನೆ. ಇಂಗ್ಲಿಷ್ 'ಕ್ರಿಸ್ಟಲ್' ತಯಾರಿಸುವಾಗ ಸಂವಹನ ಕೇಂದ್ರದ ಕಟ್ಟಡವನ್ನು ತೆಗೆದರೂ ಫೋನ್ ಸಂಪರ್ಕಕ್ಕೆ ಬರೆದ ಕೋಡಿನ ಬಹುಭಾಗವನ್ನು ಹಾಗೆಯೇ ಉಳಿಸಿದರು. ಕರ್ಟ್ ಅಜ್ಜನ ಮಾತುಗಳೂ ಸೆಲೆಬಿಯೂ ಕಾರ್ಟ್ರಿಡ್ಜ್‌ನೊಳಗೆ ಇದ್ದೇ ಇದ್ದವು. 2018ರ ಜನವರಿಯಲ್ಲಿ ನಿಂಟೆಂಡೊ 3ಡಿಎಸ್‌ಗೆ ಮರುಬಿಡುಗಡೆಯಾದಾಗ, ಆಟದ ಕೊನೆಯ ಎದುರಾಳಿಗಳಾದ ಎಲೀಟ್ ಫೋರ್ ತಂಡವನ್ನು ಸೋಲಿಸಿದವರಿಗೆಲ್ಲ ಜಿಎಸ್ ಬಾಲ್ ಸಿಗುವಂತೆ ಮಾಡಿದರು. ನಾನು ಆ ಗುಡಿಯ ಮುಂದೆ ಚೆಂಡನ್ನಿಟ್ಟದ್ದು ಆಗಲೇ.

ಅಡಾಪ್ಟರ್ ಮತ್ತು ಆಟದ ನಡುವಿನ ಮಾತುಕತೆಯನ್ನು ಆಸಕ್ತರು ಬೈಟ್ ಬೈಟಾಗಿ ಬಿಡಿಸಿ ಅರ್ಥಮಾಡಿಕೊಂಡಿದ್ದಾರೆ, ರಿಯಾನ್ ಎಂಬ ಯೋಜನೆಯವರು ಹೊಸ ಸರ್ವರನ್ನೇ ಬರೆದಿದ್ದಾರೆ. ಆದರೆ ಹಳೆಯ ಸರ್ವರಿನಿಂದ ಬರುತ್ತಿದ್ದ ಪೋಕೆಮಾನ್ ಸುದ್ದಿಪತ್ರಿಕೆಯಂಥವುಗಳನ್ನು ಹೊಸದಾಗಿ ಬರೆಯಲಾಗದು. ಆಗ ಇಳಿಸಿಕೊಂಡ ಸುದ್ದಿ ಕಾರ್ಟ್ರಿಡ್ಜ್‌ನ ನೆನಪಿನಲ್ಲಿ, ಒಂದು ಪುಟ್ಟ ಬ್ಯಾಟರಿಯ ಬಲದಿಂದ, ಉಳಿದಿರುತ್ತದೆ; ಬ್ಯಾಟರಿ ತೀರಿದ ದಿನ ಅದೂ ಅಳಿಯುತ್ತದೆ. ಆದ್ದರಿಂದ ಜಪಾನಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ನನ್ನದೊಂದು ವಿನಂತಿ. ಅಲ್ಲಿನ ಹಳೆಯ ಆಟಗಳ ಅಂಗಡಿಯಲ್ಲಿ ಜಪಾನೀ 'ಕ್ರಿಸ್ಟಲ್' ಕೈಗೆ ಸಿಕ್ಕರೆ, ಹಿಂದಿನ ಮಾಲೀಕರ ಆಟವನ್ನು ಅಳಿಸಿ ಹೊಸದಾಗಿ ಆರಂಭಿಸಬೇಡಿ. ಮೊದಲು ಅದರಲ್ಲಿ ಉಳಿದಿರುವುದನ್ನು ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ. ಅದಕ್ಕೆ ಬೇಕಾದ ಕಾರ್ಟ್ರಿಡ್ಜ್ ರೀಡರ್ ಸುಲಭವಾಗಿ ಸಿಗುತ್ತದೆ. ಬಳಸುವ ಬಗೆ ತಿಳಿಯದಿದ್ದರೆ ನನಗೆ ಬರೆಯಿರಿ, ಹಂತ ಹಂತವಾಗಿ ಹೇಳಿಕೊಡುತ್ತೇನೆ.