ಅಪ್ಪ ಕಂಡ ಕೆಂಪು ಗೆರೆ

ಕಳೆದ ಆಟಿ ತಿಂಗಳ ಮಳೆಯಲ್ಲಿ ರಜೆಗೆ ಊರಿಗೆ ಬಂದಿದ್ದಾಗ, ಸಕ್ಕರೆ ಕಾಯಿಲೆಯಿರುವ ಅಪ್ಪನನ್ನು ಕಣ್ಣಿನ ತಪಾಸಣೆಗೆಂದು ಸುಂಟಿಕೊಪ್ಪದಿಂದ ಮಡಿಕೇರಿಗೆ ಕರೆದುಕೊಂಡು ಹೋದೆ. ಬೋಯಿಕೇರಿ ತಲುಪುವಷ್ಟರಲ್ಲಿ ಮಂಜು ರಸ್ತೆಯನ್ನೇ ನುಂಗಿತ್ತು. ನಾನು ಹೆಡ್‌ಲೈಟನ್ನು ಹೈಬೀಮಿಗೆ ಹಾಕಿದೊಡನೆ ಎದುರಿಗೆ ಬಿಳಿ ಗೋಡೆಯೊಂದು ಎದ್ದು ನಿಂತಿತು. “ಡಿಮ್ ಹಾಕು ಮಾರಾಯ, ನಿನ್ನ ಬೆಳಕೇ ನಿನ್ನ ಕಣ್ಣಿಗೆ ಹೊಡೆಯುತ್ತದೆ” ಎಂದರು ಅಪ್ಪ. ಚದುರಿ ಹಿಂದಿರುಗುವ ಬೆಳಕಿನ ಕಾಟವನ್ನು ವರ್ಷಗಳಿಂದ ಓದುತ್ತಿರುವ ನನಗೆ ಅದನ್ನು ಅವರು ಹೇಳಿಕೊಡಬೇಕಾಯಿತು.

ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ನಾನು ಸೂಪರ್‌ಲ್ಯೂಮಿನೆಸೆಂಟ್ ಡಯೋಡುಗಳ ಮೇಲೆ ಕೆಲಸ ಮಾಡುತ್ತೇನೆ. ಇದು ಅರೆವಾಹಕ ಲೇಸರಿನ ದಾಯಾದಿ, ಆದರೆ ಹೆಚ್ಚು ಹರವಿನ ಬಣ್ಣದ ಬೆಳಕು ಕೊಡುತ್ತದೆ. ಗ್ಯಾಲಿಯಂ ಆರ್ಸೆನೈಡ್ ಹರಳನ್ನು ಸೀಳಿದಾಗ ಸಿಗುವ ನುಣುಪು ಮುಖವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 30ರಷ್ಟನ್ನು ಹಿಂದಕ್ಕೆ ಕಳಿಸುವುದರಿಂದ, ಲೇಸರಿನಲ್ಲಿ ಬೆಳಕು ಎರಡು ತುದಿಗಳ ನಡುವೆ ಓಡಾಡುತ್ತ ಕೊನೆಗೆ ಬಹಳ ಕಿರಿದಾದ ಬಣ್ಣಕ್ಕೆ ಕಟ್ಟುಬೀಳುತ್ತದೆ. ನಮ್ಮ ಕಷ್ಟವೆಲ್ಲ ಆ ಓಡಾಟವನ್ನು ತಪ್ಪಿಸುವುದಕ್ಕೆ: ಬೆಳಕಿನ ಕಾಲುವೆಯನ್ನು ತುದಿಗೆ ಸುಮಾರು 7 ಡಿಗ್ರಿ ಓರೆ ಮಾಡುತ್ತೇವೆ, ಮುಖಕ್ಕೆ ಪ್ರತಿಫಲನ ತಡೆಯುವ ಲೇಪ ಕೊಡುತ್ತೇವೆ. ಲೇಪದ ದಪ್ಪ ಸ್ವಲ್ಪ ಹೆಚ್ಚುಕಡಿಮೆಯಾದರೂ ವರ್ಣಪಟಲದ ಮೇಲೆ ಸಣ್ಣ ಅಲೆಗಳು ಏಳುತ್ತವೆ, ಈ ಬೆಳಕಿನಿಂದ ತೆಗೆದ ಚಿತ್ರದಲ್ಲಿ ನಿಜಕ್ಕೂ ಇಲ್ಲದ ಪದರವೊಂದು ಗೆರೆಯಾಗಿ ಮೂಡುತ್ತದೆ. ಅಂಥ ಗೆರೆ ಕಂಡ ಒಂದು ಸಲ ನಾವು ಮೂರು ವಾರ ಪರೀಕ್ಷೆಗಿಟ್ಟ ಗಾಜಿನ ತುಣುಕನ್ನೇ ಶಪಿಸುತ್ತ ಕುಳಿತಿದ್ದೆವು, ದೋಷ ಲೇಪದಲ್ಲಿತ್ತು.

ಆಸ್ಪತ್ರೆಯಲ್ಲಿ ಅಪ್ಪ ಬೆಳಕಿನಿಂದ ಕಣ್ಣಿನೊಳಗಿನ ಪದರಗಳ ಚಿತ್ರ ತೆಗೆಯುವ ಓಸಿಟಿ ಯಂತ್ರದ ಆಸರೆಗೆ ಗದ್ದವಿಟ್ಟರು. “ಹಸಿರು ಗುರುತನ್ನೇ ನೋಡಿ, ರೆಪ್ಪೆ ಬಡಿಯಬೇಡಿ” ಎಂದಳು ಸಹಾಯಕಿ. ಪ್ರಯೋಗಾಲಯದಲ್ಲಿ ನಾವು ರಕ್ಷಣೆಯ ಕನ್ನಡಕ ಹಾಕಿಕೊಂಡು, ಅದು ಬಿದ್ದಲ್ಲಿ ಹೊಳೆಯುವ ಕಾರ್ಡೊಂದರ ಮೇಲಷ್ಟೇ ನೋಡುವ ಬೆಳಕನ್ನು ಇಲ್ಲಿ ನೇರ ಕಣ್ಣಿನೊಳಗೆ ಬಿಡುತ್ತಾರೆ, ಒಂದು ಮಿಲಿವಾಟಿಗೂ ಕಡಿಮೆ ಎಂಬುದೊಂದೇ ಧೈರ್ಯ. ಡೇವಿಡ್ ಹುವಾಂಗ್, ಜೇಮ್ಸ್ ಫ್ಯುಜಿಮೋಟೋ ಮೊದಲಾದವರು 1991ರಲ್ಲಿ ಈ ವಿಧಾನವನ್ನು ಪ್ರಕಟಿಸಿದಾಗಲೂ ಬಳಸಿದ್ದು ಇದೇ ಜಾತಿಯ ಡಯೋಡನ್ನು. ಬೆಳಕನ್ನು ಎರಡಾಗಿ ಸೀಳಿ ಒಂದನ್ನು ಕನ್ನಡಿಗೂ ಇನ್ನೊಂದನ್ನು ಕಣ್ಣಿಗೂ ಕಳಿಸಿದರೆ, ಎರಡರ ದಾರಿಯ ಉದ್ದ ಹೊಂದಿದಾಗ ಮಾತ್ರ ಅವು ಸೇರಿ ಗುರುತು ಕೊಡುತ್ತವೆ. ಬಣ್ಣದ ಹರವು ಹೆಚ್ಚಿದಷ್ಟೂ ಆ ಹೊಂದಿಕೆ ಬಿಗಿಯಾಗುತ್ತದೆ. 840 ನ್ಯಾನೋಮೀಟರ್ ತರಂಗಾಂತರದ ಸುತ್ತ 50 ನ್ಯಾನೋಮೀಟರ್ ಹರವಿದ್ದರೆ ಸುಮಾರು 6 ಮೈಕ್ರೋಮೀಟರ್ ಅಂತರದ ಪದರಗಳನ್ನು ಬಿಡಿಸಿ ನೋಡಬಹುದು. ಚದುರಿ ಸುತ್ತಿಬಳಸಿ ಬಂದ ಬೆಳಕಿನ ಬಹುಪಾಲು ಲೆಕ್ಕಕ್ಕೇ ಬರುವುದಿಲ್ಲ. ಬೋಯಿಕೇರಿಯ ಮಂಜಿಗೆ ಈ ಉಪಾಯ ಒಗ್ಗದು. ಕಾಲು ಮಿಲಿಮೀಟರ್ ದಪ್ಪದ ಅಕ್ಷಿಪಟಲಕ್ಕೆ ಸಾಕು.

ಪರದೆಯ ಮೇಲೆ ಪದರಗಳು ಒಂದರ ಕೆಳಗೊಂದು ಮೂಡಿದವು, ನಮ್ಮ ತೋಟದ ಅಗಳಿನಲ್ಲಿ ಮಣ್ಣು ಕಾಣುವ ಹಾಗೆ. ನಡುವಿನ ತಗ್ಗಿನ ಪಕ್ಕದಲ್ಲಿ ಎರಡು ಕಪ್ಪು ಪೊಟ್ಟಣಗಳಿದ್ದವು. ಅದು ಲೇಪದ ದೋಷವಿರಲಿ ಎಂದು ಒಂದು ಕ್ಷಣ ಆಸೆಪಟ್ಟೆ. ವೈದ್ಯರು ನೀರು ತುಂಬಿದೆ ಎಂದು ಹೇಳಿ, ಕಣ್ಣಿಗೆ ಇಂಜೆಕ್ಷನ್ ಬೇಕಾಗುತ್ತದೆ ಎಂದರು.

ಹೊರಗೆ ಬಂದಾಗ ಅಪ್ಪ ಕೇಳಿದ್ದು ಇಂಜೆಕ್ಷನ್ ಬಗ್ಗೆ ಅಲ್ಲ. “ಒಳಗೆ ಕೆಂಪು ಗೆರೆಯೊಂದು ಸರಸರ ಓಡಾಡಿತು. ನೀನು ಮಾಡುವುದು ಅದನ್ನೇ ಏನು?” ಹೌದು ಎಂದೆ. “ಚೆನ್ನಾಗಿತ್ತು” ಎಂದು ಕೊಡೆ ಬಿಚ್ಚಿದರು.