ಸನ್ಮಾನದ ಫೋಟೊ ಆಮೇಲೆ, ಮೊದಲು ಕೆಲಸ ಬರೆಯೋಣ: ಪದ್ಮ ಅರ್ಜಿ ತುಂಬಿಸುವವನ ಅನುಭವ

ಮುಧೋಳದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ಮದುವೆ ಕಾರ್ಡು, ಜಾತ್ರೆ ಬ್ಯಾನರು ಎಲ್ಲ ಇಲ್ಲೇ ಆಗುತ್ತವೆ. ಕೆಲವು ವರ್ಷಗಳಿಂದ ಇನ್ನೊಂದು ಕೆಲಸ ಸೇರಿಕೊಂಡಿದೆ. ಹಳ್ಳಿಯ ಕಲಾವಿದರ, ನೇಕಾರರ ಮಕ್ಕಳು ಒಂದು ದಪ್ಪ ಫೈಲು ಹಿಡಿದು ಬರುತ್ತಾರೆ. "ನಮ್ಮ ಅಪ್ಪಾರದು ಪದ್ಮಶ್ರೀಗೆ ಹಾಕ್ಬೇಕ್ರಿ" ಅನ್ನುತ್ತಾರೆ.

ಈ ಆಸೆ ಸುಮ್ನೆ ಹುಟ್ಟಿದ್ದಲ್ಲ. 2018ರಲ್ಲಿ ಮಹಾಲಿಂಗಪುರದ ಇಬ್ರಾಹಿಂ ಸುತಾರರಿಗೆ ಪದ್ಮಶ್ರೀ ಬಂತು. ಭಜನೆ, ವಚನ, ತತ್ವಪದ ಹೇಳುತ್ತಾ ಊರೂರು ತಿರುಗಿದವರು ಅವರು. 2025ರಲ್ಲಿ ಬಾಗಲಕೋಟೆಯ ಗೊಂದಲಿ ಜಾನಪದ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರರಿಗೆ ಬಂತು. ಪಕ್ಕದ ಊರಿನವರಿಗೆ ಬಂದ ಮೇಲೆ ನಮ್ಮವರಿಗೂ ಯಾಕೆ ಬರಬಾರದು ಅನ್ನಿಸುವುದು ಸಹಜ. ಅನ್ನಿಸಲೇಬೇಕು ಅಂತ ನಾನಂತೂ ಹೇಳುತ್ತೇನೆ.

ಆದರೆ ಬರುವವರಲ್ಲಿ ಬಹಳ ಜನರ ಮೊದಲ ಪ್ರಶ್ನೆ ವಶೀಲಿಯದ್ದು. ಶಾಸಕರ ಪತ್ರ ಬೇಕಾ, ಬೆಂಗಳೂರಿನಲ್ಲಿ ಯಾರನ್ನು ಹಿಡಿಯಬೇಕು, ಎಷ್ಟು ಖರ್ಚಾಗುತ್ತೆ. ಅವರಿಗೆ ನಾನು ಹೇಳುವುದು ಇಷ್ಟು. ಕೇಂದ್ರ ಸರ್ಕಾರದ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ ಯಾರು ಯಾರ ಹೆಸರನ್ನಾದರೂ ಸೂಚಿಸಬಹುದು. ತಮ್ಮ ಹೆಸರನ್ನು ತಾವೇ ಹಾಕಿಕೊಳ್ಳಬಹುದು. ಶುಲ್ಕ ಇಲ್ಲ. ದಿನಾಂಕ ಮಾತ್ರ ವರ್ಷ ವರ್ಷ ನೋಡಿಕೊಳ್ಳಬೇಕು. 2025ರ ಪ್ರಶಸ್ತಿಗೆ 2024ರ ಮೇ 1ರಿಂದ ಸೆಪ್ಟೆಂಬರ್ 15ರವರೆಗೆ ಅವಕಾಶ ಇತ್ತು. ಅದರ ಮರುವರ್ಷ ಮಾರ್ಚ್ 15ಕ್ಕೇ ಶುರುವಾಯಿತು.

ಅರ್ಜಿಗಳು ಹೋಗುವುದು ಪ್ರಧಾನಿ ಪ್ರತಿ ವರ್ಷ ರಚಿಸುವ ಸಮಿತಿಯ ಮುಂದೆ. ಸಂಪುಟ ಕಾರ್ಯದರ್ಶಿ ಅದರ ಅಧ್ಯಕ್ಷರು. ಗೃಹ ಕಾರ್ಯದರ್ಶಿ, ರಾಷ್ಟ್ರಪತಿಗಳ ಕಾರ್ಯದರ್ಶಿ, ಜೊತೆಗೆ ನಾಲ್ಕರಿಂದ ಆರು ಗಣ್ಯರು ಇರುತ್ತಾರೆ. ಸಮಿತಿಯ ಶಿಫಾರಸು ಪ್ರಧಾನಿ ಮತ್ತು ರಾಷ್ಟ್ರಪತಿಗಳ ಒಪ್ಪಿಗೆಗೆ ಹೋಗುತ್ತೆ. ಪದ್ಮವಿಭೂಷಣ, ಪದ್ಮಭೂಷಣ, ಪದ್ಮಶ್ರೀ ಮೂರೂ ಸೇರಿ ವರ್ಷಕ್ಕೆ 120 ಮೀರುವಂತಿಲ್ಲ. ಮರಣೋತ್ತರ ಪ್ರಶಸ್ತಿ, ವಿದೇಶದವರಿಗೆ ಕೊಡುವುದು ಈ ಲೆಕ್ಕಕ್ಕೆ ಸೇರುವುದಿಲ್ಲ. ಇಡೀ ದೇಶಕ್ಕೆ 120. ಆ ಮೇಜಿನ ಸುತ್ತ ಕೂತವರಿಗೆ ನಮ್ಮ ಕಡೆಯ ಬಯಲಾಟ ಶ್ರೀಕೃಷ್ಣ ಪಾರಿಜಾತ ಗೊತ್ತಿರಬೇಕು ಅಂತೇನೂ ಇಲ್ಲ, ನಮ್ಮ ವಾದ್ಯಮೇಳ ಕರಡಿ ಮಜಲು ಕೇಳಿರಬೇಕು ಅಂತಲೂ ಇಲ್ಲ. ಅವರ ಕೈಗೆ ಸಿಗುವುದು ನಾವು ಬರೆದ ಬರಹ ಮಾತ್ರ. ಅದಕ್ಕಿರುವ ಮಿತಿ 800 ಪದ.

ಆ 800 ಪದದಲ್ಲಿ ಏನಿರಬೇಕು ಅನ್ನುವುದೇ ನಾನು ಈ ಕೆಲಸದಲ್ಲಿ ಕಲಿತದ್ದು.

ಒಬ್ಬ ಹಿರಿಯ ಶ್ರೀಕೃಷ್ಣ ಪಾರಿಜಾತ ಕಲಾವಿದರ ಮಗ ಬಂದಿದ್ದರು. ಫೈಲಿನಲ್ಲಿ ಶಾಲು ಹೊದಿಸಿದ ಫೋಟೊಗಳು, ಲ್ಯಾಮಿನೇಶನ್ ಮಾಡಿದ ಅಭಿನಂದನಾ ಪತ್ರಗಳು. ಯಾರಿಂದಲೋ ಬರೆಸಿದ ಎರಡು ಪುಟವೂ ಇತ್ತು. "ಕಲಾಮಾತೆಯ ವರಪುತ್ರ, ನಾಡಿನ ಹೆಮ್ಮೆ, ಅಪ್ರತಿಮ ಪ್ರತಿಭೆ" ಅಂತ ಶುರು. ಹೆಸರು ಅಳಿಸಿ ಬೇರೆ ಯಾರ ಹೆಸರು ಹಾಕಿದರೂ ನಡೆಯುವಂಥ ಬರಹ. "ಇದು ಇರಲಿ, ಅಪ್ಪನವರನ್ನೇ ಒಂದ್ಸಲ ಕರ್ಕೊಂಡು ಬರ್ರಿ" ಅಂದೆ.

ಅವರು ಬಂದರು. ಚಹಾ ತರಿಸಿ ಕೇಳುತ್ತಾ ಹೋದೆ. ಮೊದಲ ಸಲ ಬಣ್ಣ ಹಚ್ಚಿದ್ದು ಯಾವ ಪಾತ್ರಕ್ಕೆ? ಸತ್ಯಭಾಮೆ. ಮೀಸೆ ಬರುವ ಮೊದಲಿನ ಮಾತು. ದನಿ ಒಡೆದ ಮೇಲೆ ಭಾಗವತರಾದರು. ಹಾಡು ಎಲ್ಲಿ ಬರೆದಿಟ್ಟಿದ್ದೀರಿ? "ಬರದಿಲ್ರಿ, ಎಲ್ಲಾ ತಲ್ಯಾಗ ಐತಿ." ರಾತ್ರಿಯಿಡೀ ನಡೆಯುವ ಆಟ. ಕೃಷ್ಣ, ರುಕ್ಮಿಣಿ, ನಾರದ, ಕೊರವಂಜಿ, ಎಲ್ಲರ ಪದ ಬಾಯಿಪಾಠ. ಯಾರಿಗೆ ಕಲಿಸಿದಿರಿ? ಇಲ್ಲಿ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಯಾರೂ ಕೇಳಿರಲಿಲ್ಲವೇನೋ. ಆಮೇಲೆ ಒಂದೊಂದೇ ಹೆಸರು ಬಂತು. ಕಬ್ಬಿನ ಸೀಸನ್ ಮುಗಿದ ಮೇಲೆ ಹುಡುಗರನ್ನು ಗುಡಿಯ ಕಟ್ಟೆಯ ಮೇಲೆ ಕೂರಿಸಿ ಪದ ಹೇಳಿಕೊಡುತ್ತಿದ್ದರಂತೆ. ದುಡ್ಡು ಮುಟ್ಟಿಲ್ಲ. ಸುತ್ತಲಿನ ಎರಡು ಮೇಳಗಳಲ್ಲಿ ಇವತ್ತು ಭಾಗವತರಾಗಿ ನಿಲ್ಲುವವರು ಇವರ ಕೈಯಲ್ಲಿ ಕಲಿತವರು. ಫೈಲಿನಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ!

ಪದ್ಮ ಪ್ರಶಸ್ತಿಯ ಮಾರ್ಗಸೂಚಿ ಕೇಳುವುದೂ ಇದನ್ನೇ. ಬರೀ ನೈಪುಣ್ಯ ಸಾಲದು, ಅದರಾಚೆಗೂ ಇರಬೇಕು, ಸಾರ್ವಜನಿಕ ಸೇವೆಯ ಅಂಶ ಇರಬೇಕು ಅನ್ನುತ್ತೆ. 2024ರ ಫೆಬ್ರವರಿಯ ಮನ್ ಕಿ ಬಾತ್‌ನಲ್ಲಿ ಸುಗತೇಕರರ ಬಗ್ಗೆ ಬಂದ ಮಾತು ನೆನಪಿಸಿಕೊಳ್ಳಿ. ಸಾವಿರಕ್ಕೂ ಹೆಚ್ಚು ಗೊಂದಲಿ ಪದ ಹಾಡಿದವರು, ಶುಲ್ಕವಿಲ್ಲದೆ ನೂರಾರು ಜನರಿಗೆ ಕಲಿಸಿದವರು. ಎಷ್ಟು ಶಾಲು ಬಿದ್ದವು ಅನ್ನುವ ಮಾತೇ ಇಲ್ಲ ಅಲ್ವಾ?

ಹಾಗಾಗಿ ಆ ಎರಡು ಪುಟ ಪಕ್ಕಕ್ಕಿಟ್ಟೆವು. ಪಾರಿಜಾತ ಅಂದರೇನು ಅಂತ ಮೊದಲು ಎರಡು ವಾಕ್ಯ. ಆಮೇಲೆ ಅವರು ಕಲಿತದ್ದು, ಆಡಿದ್ದು. ಅರ್ಧಕ್ಕಿಂತ ಜಾಸ್ತಿ ಜಾಗ ಕಲಿಸಿದ್ದಕ್ಕೆ ಕೊಟ್ಟೆವು. ಆಧಾರಕ್ಕೆ ಧಾರವಾಡ ಆಕಾಶವಾಣಿಯ ಹಳೆಯ ಕಾಗದ, ಜಾತ್ರೆಯ ಹ್ಯಾಂಡ್‌ಬಿಲ್ಲು, ಶಿಷ್ಯರ ಪತ್ರಗಳು.

ಇಂಥ ಫೈಲುಗಳಲ್ಲಿ ನನಗೆ ಬಹಳ ನೋವು ಕೊಡುವುದು ಕೊಂಡು ತಂದ ಪ್ರಶಸ್ತಿಗಳು. ಯಾವುದೋ ಸಂಸ್ಥೆ ನೋಂದಣಿ ಶುಲ್ಕ ಅಂತ ದುಡ್ಡು ಕಟ್ಟಿಸಿಕೊಂಡು "ರತ್ನ" ಅಂತ ಒಂದು ಪತ್ರ, ಇನ್ನೂ ಸ್ವಲ್ಪ ಕೊಟ್ಟರೆ ಗೌರವ ಡಾಕ್ಟರೇಟ್ ಕೊಡುತ್ತೆ. ಬಡ ಕಲಾವಿದರು ಸಾಲ ಮಾಡಿ ಕಟ್ಟುತ್ತಾರೆ. ದಯವಿಟ್ಟು ಕಟ್ಟಬೇಡಿ. ನಾನು ಅವುಗಳನ್ನು ಅರ್ಜಿಗೆ ಸೇರಿಸುವುದಿಲ್ಲ.

ಕೆಲವರ ಅರ್ಜಿ ನಿಯಮದಲ್ಲೇ ನಿಲ್ಲುತ್ತೆ. ಸರ್ಕಾರಿ ನೌಕರರು ಸೇವೆಯಲ್ಲಿ ಇರುವಾಗ ಅರ್ಹರಲ್ಲ. ವೈದ್ಯರು, ವಿಜ್ಞಾನಿಗಳಿಗೆ ಮಾತ್ರ ವಿನಾಯಿತಿ. ಮರಣೋತ್ತರವಾಗಿ ಕೊಡುವುದು ತೀರಾ ಅಪರೂಪ.

ಪ್ರಶಸ್ತಿ ಬಂದವರ ವಿಷಯದಲ್ಲೂ ನನ್ನ ಅಂಗಡಿಗೆ ಸಂಬಂಧಪಟ್ಟ ಒಂದು ಮಾತಿದೆ. ಬ್ಯಾನರಿನಲ್ಲಿ, ಆಮಂತ್ರಣ ಪತ್ರಿಕೆಯಲ್ಲಿ ಹೆಸರಿನ ಮುಂದೆ "ಪದ್ಮಶ್ರೀ" ಹಾಕಿ ಅನ್ನುತ್ತಾರೆ. ಹಾಕುವಂತಿಲ್ಲ. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ತೆಗೆದುಹಾಕಿದೆ. ಪದ್ಮ ಪ್ರಶಸ್ತಿ ಬಿರುದಲ್ಲ, ಹೆಸರಿನ ಹಿಂದೆ ಮುಂದೆ ಬಳಸಬಾರದು ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಬಾಲಾಜಿ ರಾಘವನ್ ಪ್ರಕರಣದಲ್ಲಿ ಹೇಳಿದೆ. ಬಳಸಿದರೆ ಪ್ರಶಸ್ತಿಯನ್ನೇ ಹಿಂಪಡೆಯಬಹುದು. ಅದಕ್ಕೆ ನಾನು ಕೆಳಗೆ ಪರಿಚಯದ ಸಾಲಿನಲ್ಲಿ, "ಇವರಿಗೆ ಇಂಥ ವರ್ಷ ಪದ್ಮಶ್ರೀ ಬಂದಿದೆ" ಅಂತ ಬರೆಯುತ್ತೇನೆ. ಗಿರಾಕಿ ಸಿಟ್ಟಾದರೂ ಸರಿ.

ಇದರ ಜೊತೆ ನಗದು ಬರುವುದಿಲ್ಲ ಅಂತಲೂ ಮೊದಲೇ ಹೇಳಿಬಿಡುತ್ತೇನೆ. ರಾಷ್ಟ್ರಪತಿಗಳ ಸಹಿ ಇರುವ ಸನದು, ಒಂದು ಪದಕ, ಅಷ್ಟೇ. ರೈಲಿನ ರಿಯಾಯಿತಿಯೂ ಇಲ್ಲ. ಕಷ್ಟದಲ್ಲಿರುವ ಕಲಾವಿದರ ಮನೆಯವರಿಗೆ ಅದೇ ಬರಹವನ್ನು ರಾಜ್ಯ ಸರ್ಕಾರದ ಕಲಾವಿದರ ಮಾಸಾಶನಕ್ಕೂ ಬಳಸಿ ಅನ್ನುತ್ತೇನೆ.

ಈ ವರ್ಷ ಯಾರದಾದರೂ ಹೆಸರು ಕಳಿಸುವ ಯೋಚನೆ ಇದ್ದರೆ, ಫೋಟೊ ಹುಡುಕುವ ಮೊದಲು ಅವರ ಎದುರು ಕೂತು ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿಕೊಳ್ಳಿ. ಯಾರಿಂದ ಕಲಿತಿರಿ, ಯಾರಿಗೆ ಕಲಿಸಿದಿರಿ, ಎಲ್ಲೆಲ್ಲಿ ಮಾಡಿದಿರಿ, ನೀವು ಮಾಡದಿದ್ದರೆ ಊರಿನಲ್ಲಿ ಏನು ನಿಂತು ಹೋಗುತ್ತಿತ್ತು, ಇಷ್ಟು ಕೇಳಿ. ಶಿಷ್ಯರ ಫೋನ್ ನಂಬರೂ ಬರೆದುಕೊಂಡು ಬನ್ನಿ.