ಖಾತೆ ನಂಬರನ್ನು ಡಬಲ್‌ಗೆ ಓದಿಸಬೇಡಿ

ರಾಯಚೂರಿನ ಹತ್ತಿ ದಲಾಲಿ ಅಂಗಡಿಯದಾಗಲಿ, ಗಂಗಾವತಿಯ ರೈಸ್ ಮಿಲ್ಲಿನದಾಗಲಿ, ಸಿ ಭಾಷೆಯಲ್ಲಿ ಬರೆದ ಪೇಮೆಂಟ್ ಪ್ರೋಗ್ರಾಂ ರಿಪೇರಿಗೆ ಬಂದರೆ ಮೊದಲು ಒಂದನ್ನು ನೋಡಬೇಕು: ರೈತರ ಬ್ಯಾಂಕ್ ಖಾತೆ ನಂಬರನ್ನು ಡಬಲ್‌ಗೆ (ದಶಮಾಂಶ ಸಂಖ್ಯೆ ಇಡಲು ಸಿ ಯಲ್ಲಿರುವ double ಎಂಬ ಬಗೆ) ಓದಿಸಿದ್ದಾರಾ?

ಡಬಲ್‌ನಲ್ಲಿ ಅಂಕಿಗೆ ಸಿಗುವ ಜಾಗ 53 ಬಿಟ್. 9007199254740992 ರವರೆಗೆ ಪ್ರತಿ ಪೂರ್ಣಾಂಕವೂ ಇದ್ದಂತೆಯೇ ಕೂರುತ್ತದೆ. ಅದು ದಾಟಿದರೆ ಬೆಸ ಸಂಖ್ಯೆಗಳೇ ಇಲ್ಲ. ಮೇಲೆ ಹೋದಂತೆ ಅಂತರ 4, 8, 16 ಆಗುತ್ತದೆ. ನಮ್ಮಲ್ಲಿ ಖಾತೆ ನಂಬರು 18 ಅಂಕಿಯವರೆಗೂ ಇರುತ್ತದೆ. 12345678901234567 ಅನ್ನು ಎಟೋಎಫ್‌ಗೆ (atof, ಅಕ್ಷರಗಳನ್ನು ಡಬಲ್ ಮಾಡುವ ಫಂಕ್ಷನ್) ಕೊಟ್ಟು ಪ್ರಿಂಟ್ ಮಾಡಿಸಿ, ಕೊನೆಯ 7 ಹೋಗಿ 8 ಬಂದಿರುತ್ತದೆ. ಕ್ರ್ಯಾಷ್ ಇಲ್ಲ, ವಾರ್ನಿಂಗ್ ಇಲ್ಲ. ಅದೇ ಕೆಲಸದ ಸ್ಟ್ರ್‌ಟೋಡ್ (strtod) ಹಾಕಿ, ತಪ್ಪಿನ ಸಂಕೇತ ಇಡುವ ಎರ್‌ನೋ (errno) ನೋಡಿದರೂ ಉಪಯೋಗವಿಲ್ಲ: ಸಂಖ್ಯೆ ಡಬಲ್‌ನ ವ್ಯಾಪ್ತಿಯನ್ನೇ ಮೀರಿದರೆ ಅದು ಹೇಳುತ್ತದೆ, ರೌಂಡ್ ಆದದ್ದನ್ನು ಹೇಳುವುದಿಲ್ಲ.

10 ಅಂಕಿಯ ಮೊಬೈಲ್, 12 ಅಂಕಿಯ ಆಧಾರ್, 11 ಅಂಕಿಯ ಖಾತೆ ಎಲ್ಲ ಸರಿ ಬರುತ್ತವೆ. ಟೆಸ್ಟಿಂಗ್‌ನಲ್ಲಿ ಇದು ಸಿಕ್ಕಿಬೀಳದಿರುವುದೇ ಅದಕ್ಕೆ.

ತಪ್ಪು ಸಿ ಪ್ರೋಗ್ರಾಂನದೇ ಎಂದು ಖಚಿತಪಡಿಸಿಕೊಳ್ಳಿ. ಗುಮಾಸ್ತರು ಸಿಎಸ್‌ವಿ ಫೈಲನ್ನು (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಎಕ್ಸೆಲ್‌ನಲ್ಲಿ ತೆರೆದು, ಆ ಕಾಲಂಗೆ ನಂಬರ್ ಫಾರ್ಮ್ಯಾಟ್ ಕೊಟ್ಟು ಸೇವ್ ಮಾಡಿದ್ದರೆ 15 ಅಂಕಿಯ ನಂತರದ್ದೆಲ್ಲ ಸೊನ್ನೆಯಾಗಿರುತ್ತದೆ: ಅದೇ ನಂಬರು 12345678901234500. ಕೊನೆಯಲ್ಲಿ ಸೊನ್ನೆಗಳ ಸಾಲಿದ್ದರೆ ಎಕ್ಸೆಲ್ ಮೇಲೆ ಅನುಮಾನಪಡಿ, ಕೊನೆಯ ಅಂಕಿಗಳು ಸ್ವಲ್ಪ ಆಚೀಚೆಯಾಗಿದ್ದರೆ ಡಬಲ್ ಮೇಲೆ.

ಪರಿಹಾರಕ್ಕೆ ಲಾಂಗ್ ಡಬಲ್ (ಇನ್ನೂ ದೊಡ್ಡದಾಗಿರಬಹುದಾದ ದಶಮಾಂಶ ಬಗೆ) ಹುಡುಕುವವರಿದ್ದಾರೆ. ಮೈಕ್ರೋಸಾಫ್ಟ್‌ನ ಕಂಪೈಲರ್ ವಿಷುಯಲ್ ಸಿ ಯಲ್ಲಿ ಅದೂ ಡಬಲ್ಲೇ. ಪೂರ್ಣಾಂಕ ಓದುವ ಸ್ಟ್ರ್‌ಟೋಎಲ್‌ಎಲ್‌ಗೆ (strtoll) 18 ಅಂಕಿ ಹಿಡಿಸುತ್ತದೆ, ಆದರೆ ಮೊದಲಿನ ಸೊನ್ನೆಗಳು ಉದುರುತ್ತವೆ; ಬೇಸ್ (ಎಷ್ಟರ ಲೆಕ್ಕ ಎಂಬುದು) ಜಾಗದಲ್ಲಿ 10 ಬಿಟ್ಟು 0 ಕೊಟ್ಟರಂತೂ 0123 ಎಂಟರ ಲೆಕ್ಕದ ಸಂಖ್ಯೆ ಎಂದಾಗಿ 83 ಆಗುತ್ತದೆ. ಖಾತೆ ನಂಬರನ್ನು ಯಾರೂ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. 19 ಜಾಗದ ಕ್ಯಾರೆಕ್ಟರ್ ಅರೇಯಲ್ಲಿ (ಅಕ್ಷರಗಳ ಸಾಲು) ಇಡಿ (ಒಂದು ಜಾಗ ಸಾಲಿನ ಕೊನೆ ತಿಳಿಸುವ ನಲ್ ಅಕ್ಷರಕ್ಕೆ), ಅದನ್ನು ಓದಲು ಎಸ್‌ಸ್ಕ್ಯಾನ್‌ಎಫ್ (sscanf) ಬಳಸಿದರೆ ಅಗಲ 18 ಎಂದು ಬರೆಯಿರಿ, ಪ್ರತಿ ಅಕ್ಷರವೂ ಅಂಕಿಯೇ ಎಂದು ನೋಡಿ. ಅಷ್ಟು ಸಾಕು.

ದುಡ್ಡಿನದು ಬೇರೆ ಕಥೆ, ಅಲ್ಲಿ ಚಿಕ್ಕ ಸಂಖ್ಯೆಯೂ ಕೈಕೊಡುತ್ತದೆ. ಚೀಲಕ್ಕೆ ₹4.35 ಹಮಾಲಿ ಎಂದುಕೊಳ್ಳಿ. ಡಬಲ್‌ನಲ್ಲಿ 100 ರಿಂದ ಗುಣಿಸಿ ಇಂಟ್‌ಗೆ (ಪೂರ್ಣಾಂಕದ ಬಗೆ, ಚುಕ್ಕೆಯ ನಂತರದ್ದನ್ನು ಕತ್ತರಿಸುತ್ತದೆ) ಹಾಕಿದರೆ 434 ಪೈಸೆ, ಏಕೆಂದರೆ ಗುಣಲಬ್ಧ 434.99999999999994. ಸಾವಿರ ಚೀಲಕ್ಕೆ ಹಮಾಲರ ₹10 ಹೋಯಿತು. ಚುಕ್ಕೆಯ ಎಡಬಲ ಬೇರೆಬೇರೆ ಓದಿ ಪೈಸೆ ಮಾಡುವುದೇ ಒಳ್ಳೆಯದು, ಆಗದಿದ್ದರೆ ಹತ್ತಿರದ ಪೂರ್ಣಾಂಕ ಕೊಡುವ ಎಲ್‌ಎಲ್‌ರೌಂಡ್ (llround).

ಬಳ್ಳಾರಿ ಕಡೆಯ ಅದಿರಿನ ವೇಬ್ರಿಡ್ಜ್ (ಲಾರಿ ತೂಗುವ ಕಾಟಾ) ಲೆಕ್ಕದಲ್ಲಿ ಫ್ಲೋಟ್ (ಡಬಲ್‌ಗಿಂತ ಚಿಕ್ಕ ದಶಮಾಂಶ ಬಗೆ) ಕಂಡರೆ ಕೂಡಲೇ ತೆಗೆಯಿರಿ. ಅದಕ್ಕೆ 24 ಬಿಟ್ ಮಾತ್ರ. ಒಟ್ಟು ತೂಕ ಸರಿಯಾಗಿ 16777216 ಕೆಜಿ ಇದ್ದಾಗ ಬಂದ 25,005 ಕೆಜಿಯ ಲೋಡು 25,004 ಆಗಿ ಸೇರುತ್ತದೆ. ಕೆಜಿಯನ್ನು 64 ಬಿಟ್ ಪೂರ್ಣಾಂಕದಲ್ಲಿಟ್ಟು, ಟನ್ ಬೇಕಾದರೆ ಪ್ರಿಂಟ್ ಮಾಡುವಾಗ ಭಾಗಿಸಿಕೊಳ್ಳಿ.